‘1984’ ಓದಿದ ಮೇಲೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡಬೇಕು ಅನಿಸುತ್ತಿದೆ. ಅಳಿಸಲೇ?

ಅಳಿಸಬೇಡಿ. ಕೊನೆಪಕ್ಷ ಇದನ್ನು ಓದಿ ಮುಗಿಸುವವರೆಗೆ ಏನನ್ನೂ ಅಳಿಸಬೇಡಿ.

ಬಿಎ ಎರಡನೇ ವರ್ಷ, ಪಠ್ಯದಲ್ಲಿ ಜಾರ್ಜ್ ಆರ್ವೆಲ್‌ನ ‘1984’ (ಜನರ ಮೇಲೆ ಆಳುವ ಪಕ್ಷ ಸದಾ ಕಣ್ಣಿಡುವ ದೇಶವೊಂದರ ಕಾದಂಬರಿ), ಅದರ ಮೇಲೊಂದು ಸೆಮಿನಾರ್, ಪುಸ್ತಕ ಮುಗಿಸಿದಾಗಿನಿಂದ ಫೋನ್ ಕಂಡರೆ ಭಯ, ಚಾಟು, ಫೋಟೊ, ವಿಡಿಯೊ ಎಲ್ಲ ಅಳಿಸಿ ಕೀಪ್ಯಾಡ್ ಫೋನಿಗೆ ಹೋಗಿಬಿಡಲೇ ಅಂತ ಕೇಳಿದ್ದೀರಿ. ನಾನೂ ಅದೇ ಪುಸ್ತಕ ಓದಿ ಅದೇ ಭಯ ಪಟ್ಟವನು. ಆ ಭಯದಲ್ಲಿ ಒಂದು ವಿಡಿಯೊ ಅಳಿಸಿದೆ. ಅದರಿಂದ ಒಬ್ಬರ ಕೆಲಸ ಹೋಯಿತು.

2019ರ ಮಾತು. ನಮ್ಮದು ತಾಲ್ಲೂಕು ಕೇಂದ್ರದ ಒಂದು ಕಾಲೇಜು. ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಅತಿಥಿ ಉಪನ್ಯಾಸಕರು. ಆ ಕೆಲಸ ಹೇಗಿರುತ್ತದೆ ಅಂತ ನಿಮಗೂ ಗೊತ್ತಿರಬಹುದು. ಆಗ ಯುಜಿಸಿ ಅರ್ಹತೆ ಇದ್ದವರಿಗೂ ತಿಂಗಳಿಗೆ 13 ಸಾವಿರ ರೂಪಾಯಿ. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ವರ್ಷ ಮತ್ತೆ ಪಟ್ಟಿಯಲ್ಲಿ ಹೆಸರು ಬರಬೇಕು. ಅಂಥವರನ್ನು ಯಾರೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಹೆಸರು ಕೈಬಿಟ್ಟರೆ ಸಾಕು.

ಸರ್ ಪಾಠ ಮಾಡಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಆ ಕಾದಂಬರಿಯಲ್ಲಿ ಮಕ್ಕಳ ಗೂಢಚಾರ ದಳ ಒಂದು ಬರುತ್ತದಲ್ವಾ? ಕಥಾನಾಯಕ ವಿನ್‌ಸ್ಟನ್‌ನ ಪಕ್ಕದ ಮನೆಯ ಪಾರ್ಸನ್ಸ್ ನಿದ್ದೆಯಲ್ಲಿ, ಆ ದೇಶವನ್ನು ಆಳುವ ಬಿಗ್ ಬ್ರದರ್ ವಿರುದ್ಧ, ‘ಬಿಗ್ ಬ್ರದರ್‌ಗೆ ಧಿಕ್ಕಾರ’ ಅಂತ ಬಡಬಡಿಸುತ್ತಾನೆ. ಏಳು ವರ್ಷದ ಮಗಳು ಬೀಗದ ಕಿಂಡಿಯಲ್ಲಿ ಕಿವಿಯಿಟ್ಟು ಕೇಳಿಸಿಕೊಂಡು ಅಪ್ಪನನ್ನೇ ಹಿಡಿಸಿಕೊಡುತ್ತಾಳೆ. ಆ ಭಾಗಕ್ಕೆ ಬಂದಾಗ ಸರ್ ಪುಸ್ತಕ ಮೇಜಿನ ಮೇಲಿಟ್ಟರು. ಕೈ ಹಿಂದೆ ಕಟ್ಟಿಕೊಂಡು, ದಳದ ನಾಯಕ ಮಕ್ಕಳ ಮುಂದೆ ನಿಂತ ಹಾಗೆ ನಿಂತರು. ದನಿಯೇ ಬದಲಾಯಿತು.

‘ಮನೇಲಿ ನಿಮ್ಮ ಅಪ್ಪ ಅಮ್ಮ ಏನು ಮಾತಾಡ್ತಾರೋ ಕಿವಿಗೊಟ್ಟು ಕೇಳಿ. ಬಂದು ನನಗೆ ಹೇಳಿ. ಅವರನ್ನ ನಂಬಬೇಡಿ. ನಿಮಗೆ ನಾವೇ ಅಪ್ಪ, ನಾವೇ ಅಮ್ಮ.’ ಹೀಗೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಕೈ ಬಿಟ್ಟು, ತಮ್ಮ ದನಿಗೆ ಬಂದು, ‘ಅಂತ ಆ ಊರಲ್ಲಿ ಮಕ್ಕಳಿಗೆ ಕಲಿಸ್ತಿದ್ರು. ನಿಮಗೆ ಯಾರಾದ್ರೂ ಹೀಗೆ ಹೇಳಿದ್ರೆ, ನಾನೇ ಹೇಳಿದ್ರೂ, ಎದ್ದು ಹೊರಗೆ ನಡೀರಿ’ ಅಂದರು.

ನಾನು ಗೋಡೆ ಪಕ್ಕದ ಬೆಂಚಿನಿಂದ ಅದನ್ನೆಲ್ಲ ರೆಕಾರ್ಡ್ ಮಾಡಿದ್ದೆ. ಸರ್‌ಗೆ ಕೆಟ್ಟದು ಮಾಡುವ ಯೋಚನೆ ಕನಸಲ್ಲೂ ಇರಲಿಲ್ಲ. ಎಷ್ಟು ಚೆನ್ನಾಗಿ ಪಾಠ ಮಾಡ್ತಾರೆ ನೋಡಿ ಅಂತ ಬೇರೆ ಕಾಲೇಜಿನ ಗೆಳೆಯರಿಗೆ ತೋರಿಸಬೇಕಿತ್ತು. ಆಗ ವಾಟ್ಸಾಪ್ ಸ್ಟೇಟಸ್‌ಗೆ 30 ಸೆಕೆಂಡಿನ ವಿಡಿಯೊ ಮಾತ್ರ ಹಾಕಬಹುದಿತ್ತು. ಉದ್ದದ ವಿಡಿಯೊ ತೆಗೆದುಕೊಂಡರೆ ಮೇಲಿನ ಪಟ್ಟಿ ಎಳೆದು ಯಾವ 30 ಸೆಕೆಂಡು ಬೇಕೋ ಆರಿಸಬೇಕು. ನಾನು ಆರಿಸಿದ್ದು ನಟನೆ ಜೋರಾಗಿದ್ದ ಭಾಗ. ಸರ್ ತಮ್ಮ ದನಿಗೆ ವಾಪಸ್ ಬಂದ ಆ ಕೊನೆ ಮಾತು ಪಟ್ಟಿಯ ಆಚೆ ಉಳಿಯಿತು. ಮೇಲೆ ‘ನಮ್ ಸರ್’ ಅಂತ ಬರೆದು, ಬೆಂಕಿಯ ಎಮೋಜಿ ಹಾಕಿ ಬಿಟ್ಟೆ.

ನನ್ನ ಕಾಂಟ್ಯಾಕ್ಟ್‌ನಲ್ಲಿದ್ದ ಯಾರೋ ಅದನ್ನು ಉಳಿಸಿಕೊಂಡರು. ಮಾರನೇ ದಿನ ಊರಿನ ಗುಂಪುಗಳಲ್ಲಿ ಅದೇ ವಿಡಿಯೊ. ನಾನು ಬರೆದ ಸಾಲು ಹೋಗಿ, ‘ಕಾಲೇಜಿನಲ್ಲಿ ನಿಮ್ಮ ಮಕ್ಕಳಿಗೆ ಏನು ಕಲಿಸ್ತಾರೆ ನೋಡಿ’ ಅಂತ ಬಂದಿತ್ತು. ಸಂಜೆಯೊಳಗೆ ನಮ್ಮ ಅಪ್ಪನ ಫೋನಿಗೂ ಬಂತು. ಅಪ್ಪ ಊಟದ ಹೊತ್ತಿಗೆ ನನ್ನನ್ನೇ ಕೇಳಿದರು: ‘ಇವನ್ಯಾರೋ? ಅಪ್ಪ ಅಮ್ಮನ್ನ ನಂಬಬೇಡಿ ಅಂತಾನಲ್ಲ?’

ಇಲ್ಲಿಂದ ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಈಗ ನಿಂತಿರುವುದು ಇದೇ ಜಾಗದಲ್ಲಿ.

ಕೇಳದೆ ರೆಕಾರ್ಡ್ ಮಾಡಿದ್ದು ತಪ್ಪು, ಒಪ್ಪುತ್ತೇನೆ. ಕೊನೆ ಕತ್ತರಿಸಿದ್ದು ಇನ್ನೂ ದೊಡ್ಡ ತಪ್ಪು. ಆದರೆ ಈ ಎರಡನ್ನೂ ಆ ರಾತ್ರಿ ಸರಿಪಡಿಸಬಹುದಿತ್ತು. ಪೂರ್ತಿ ವಿಡಿಯೊ ನನ್ನ ಹತ್ತಿರ ಇತ್ತು. ಊರಿನ ಗುಂಪಿಗೆ ಅದನ್ನು ಕಳಿಸಿದ್ದರೆ, ಕಡೇಪಕ್ಷ ಅಪ್ಪನಿಗೆ ತೋರಿಸಿದ್ದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಕದ ಹಾಕಿಕೊಂಡು ಒಂದೊಂದೇ ಕಡೆಯಿಂದ ಅದನ್ನು ಅಳಿಸಿದೆ. ಸ್ಟೇಟಸ್ ತೆಗೆದೆ. ಇಬ್ಬರು ಗೆಳೆಯರಿಗೆ ಕಳಿಸಿದ್ದನ್ನು ಅವರಿಗೆ ಹೇಳಿ ಅಳಿಸಿಸಿದೆ. ಗ್ಯಾಲರಿಯಿಂದ ತೆಗೆದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದು ಅಳಿಸಿದ ಮೇಲೂ 60 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ ಅಂತ ಗೊತ್ತಿತ್ತು. ಹುಡುಕಿ ಅದನ್ನೂ ಖಾಲಿ ಮಾಡಿದೆ.

ಯಾಕೆ? ತಲೆ ತುಂಬ ಆ ಕಾದಂಬರಿಯ ಟೆಲಿಸ್ಕ್ರೀನ್ ಇತ್ತು, ಅಂದರೆ ಮನೆಯೊಳಗಿದ್ದೇ ಎಲ್ಲವನ್ನೂ ನೋಡುವ, ಕೇಳುವ ಪರದೆ. ಫೋನ್ ಕಸಿದುಕೊಳ್ಳುತ್ತಾರೆ, ಎಲ್ಲಿಂದ ಬಂತು ಅಂತ ಪತ್ತೆ ಮಾಡುತ್ತಾರೆ, ಪೊಲೀಸ್ ಕೇಸ್ ಆಗುತ್ತದೆ ಅಂತೆಲ್ಲ ಅನಿಸಿತು. ನನ್ನ ಫೋನನ್ನು ಯಾರೂ ಕೇಳಿರಲಿಲ್ಲ. ಸರ್ಕಾರ, ಕಂಪನಿ, ಪೊಲೀಸ್ ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ಯಾರೋ ನೋಡುತ್ತಿದ್ದಾರೆ ಅನ್ನುವ ಭಯವೇ ಸಾಕಾಯಿತು. ಸರ್ ಪರವಾಗಿ ಇದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ನಾಶ ಮಾಡಿದೆ.

ಪೋಷಕರು ಕಾಲೇಜಿಗೆ ಬಂದರು. ಗಲಾಟೆ ಆಯಿತು. ಪ್ರಾಂಶುಪಾಲರು ನಮ್ಮ ತರಗತಿಗೆ ಬಂದು, ಪೂರ್ತಿ ವಿಡಿಯೊ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿದರು. ಸರ್ ಪಕ್ಕದಲ್ಲೇ ನಿಂತಿದ್ದರು. ವಿಡಿಯೊ ಯಾವ ಕೋನದಿಂದ ತೆಗೆದದ್ದು ಅಂತ ನೋಡಿದರೆ ಯಾರು ತೆಗೆದದ್ದು ಅಂತ ಗೊತ್ತಾಗುತ್ತಿತ್ತು. ಅವರು ಒಮ್ಮೆ ನನ್ನ ಬೆಂಚಿನ ಕಡೆ ನೋಡಿದರು, ಏನೂ ಹೇಳಲಿಲ್ಲ. ಪಾಠದಲ್ಲಿ ನಟಿಸಿ ತೋರಿಸಿದ್ದು ಅಂತ ನಮ್ಮಲ್ಲಿ ಕೆಲವರು ಹೇಳಿದರು. ಹುಡುಗರ ಮಾತು, ಮೇಷ್ಟ್ರ ಪರ ಹೇಳಿಯೇ ಹೇಳುತ್ತಾರೆ ಅಂತ ಪೋಷಕರು ಒಪ್ಪಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಸರ್ ಹೆಸರು ಇರಲಿಲ್ಲ.

ಪದವಿ ಮುಗಿದ ಮೇಲೆ ಆ ಕಾದಂಬರಿಯನ್ನು ಮತ್ತೆ ಓದಿದೆ. ಮೊದಲ ಭಾಗದ ಏಳನೇ ಅಧ್ಯಾಯದಲ್ಲಿ ಪುಸ್ತಕ ಕೆಳಗಿಟ್ಟೆ. ಮೊದಲ ಸಲ ಅದನ್ನು ಹಾಗೇ ದಾಟಿಕೊಂಡು ಹೋಗಿದ್ದೆ, ನೀವೂ ದಾಟಿರಬಹುದು. ವಿನ್‌ಸ್ಟನ್ ಸ್ಮಿತ್ ಕೆಲಸ ಮಾಡುವುದು ಸತ್ಯ ಸಚಿವಾಲಯದಲ್ಲಿ. ಹಳೆಯ ಪತ್ರಿಕೆಗಳನ್ನು ತಿದ್ದಿ, ಪಕ್ಷ ಈಗ ಏನು ಹೇಳುತ್ತದೋ ಅದಕ್ಕೆ ಹೊಂದಿಸುವುದು ಅವನ ಸಂಬಳದ ಕೆಲಸ. ಒಂದು ದಿನ ಅವನ ಮೇಜಿಗೆ ಹಳೆಯ ಪತ್ರಿಕೆಯ ಹರಿದ ಅರ್ಧ ಪುಟ ಬರುತ್ತದೆ. ಅದರಲ್ಲಿ ಒಂದು ಫೋಟೊ. ದೇಶದ್ರೋಹ ಮಾಡಿದೆವು ಅಂತ ಒಪ್ಪಿಕೊಂಡಿದ್ದ ಮೂವರು ಆ ಹೊತ್ತಿನಲ್ಲಿ ಬೇರೆಲ್ಲೋ ಇದ್ದರು, ಅವರ ತಪ್ಪೊಪ್ಪಿಗೆಯೇ ಸುಳ್ಳು ಅನ್ನುವುದಕ್ಕೆ ಆ ಫೋಟೊ ಸಾಕ್ಷಿ. ವಿನ್‌ಸ್ಟನ್ ಅದರ ಮೇಲೆ ಇನ್ನೊಂದು ಹಾಳೆ ಮುಚ್ಚುತ್ತಾನೆ. ಎದೆಬಡಿತ ಟೆಲಿಸ್ಕ್ರೀನ್‌ಗೆ ಕೇಳಿಸೀತು ಅಂತ ಹೆದರುತ್ತಾನೆ. ಹತ್ತು ನಿಮಿಷ ಕಾಯುತ್ತಾನೆ. ಆಮೇಲೆ ಮತ್ತೆ ನೋಡದೆ, ಬೇರೆ ಕಸದ ಜೊತೆ ಅದನ್ನು ಸುಡುವ ಗುಂಡಿಗೆ ಹಾಕಿಬಿಡುತ್ತಾನೆ.

ನಾವೆಲ್ಲ ಆ ಪುಸ್ತಕವನ್ನು ಕಣ್ಗಾವಲಿಗೆ ಸಿಕ್ಕಿದವನ ಕತೆ ಅಂತಲೇ ಓದುತ್ತೇವೆ. ಪಾಠದ ಟಿಪ್ಪಣಿಗಳೂ ಹಾಗೇ ಇರುತ್ತವೆ: ಕ್ಯಾಮೆರಾ, ಪರದೆ, ಬಿಗ್ ಬ್ರದರ್. ನನಗೆ ಈಗ ಅದು ಪತ್ರಿಕೆ ತಿದ್ದುವ ಒಬ್ಬ ನೌಕರನ ಕತೆ. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ಯುದ್ಧಕಾಲದ ಕಾರ್ಯಕ್ರಮ ಮಾಡಿದವನು. ಮಾತನ್ನು ಕತ್ತರಿಸಿ ಹೊಂದಿಸುವ ಕೋಣೆಯನ್ನು ಒಳಗಿನಿಂದ ಕಂಡಿದ್ದ. ಮಾಧ್ಯಮ ಸಾಕ್ಷರತೆ ಅಂತ ನಿಮ್ಮ ಸೆಮಿನಾರ್‌ನಲ್ಲಿ ಬರುತ್ತದಲ್ಲ, ಅದಕ್ಕೆ ಆ ಏಳನೇ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನನ್ನ ವಿಡಿಯೊದಿಂದ ಒಂದು ಕೆಲಸ ಹೋಯಿತು. ಕೊನೆ ಕತ್ತರಿಸಿದ ಇನ್ನೊಂದು ವಿಡಿಯೊದ ಹಿಂದೆ ಜೀವಗಳೇ ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದ್ದು ನೆನಪಿದೆಯಾ? ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರ್ನಾಟಕದಲ್ಲೂ ಓಡಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಪೂರ್ತಿ ವಿಡಿಯೊದಲ್ಲಿ ಅದೇ ಬೈಕು ತಿರುಗಿ ಬರುತ್ತದೆ, ಮಗುವನ್ನು ಕೆಳಗಿಳಿಸುತ್ತಾರೆ, ಕಾಣೆಯಾಗುವ ಮಕ್ಕಳ ಬಗ್ಗೆ ಬರೆದ ಫಲಕ ಹಿಡಿದು ತೋರಿಸುತ್ತಾರೆ. ಹಂಚಿಕೊಂಡ ತುಣುಕಿನಲ್ಲಿ ಆ ಕೊನೆ ಇರಲಿಲ್ಲ. ಆ ವದಂತಿಯ ಕಾಲದಲ್ಲೇ, ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಗುಂಪು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು, ಅಷ್ಟೇ. ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೂ ವಾಟ್ಸಾಪ್ ಸುದ್ದಿ ಅವರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. ಅಲ್ಲಿ ಯಾವ ಬಿಗ್ ಬ್ರದರ್ ಕೂಡ ಇರಲಿಲ್ಲ. ಅಕ್ಕಪಕ್ಕದ ಊರಿನವರೇ ಕಾವಲು ನಿಂತಿದ್ದರು.

ಕೀಪ್ಯಾಡ್ ಫೋನಿನ ವಿಷಯ. ತಗೊಳ್ಳಬೇಕು ಅನಿಸಿದರೆ ತಗೊಳ್ಳಿ, ನಿದ್ದೆ ಚೆನ್ನಾಗಿ ಬರಬಹುದು. ಆದರೆ ಅದರಿಂದ ಬಚ್ಚಿಟ್ಟುಕೊಂಡ ಹಾಗೆ ಆಗುತ್ತದೆ ಅಂತ ತಿಳಿದರೆ ತಪ್ಪು. ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಅನ್ನುವ ಕಂಪನಿಗೆ ಹೋದ ಪ್ರಕರಣದಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ ನೋಡಿ. ಆ ಆ್ಯಪ್ ಹಾಕಿಕೊಂಡ ಭಾರತೀಯರು 335 ಜನ. ಅವರ ಗೆಳೆಯರ ಪಟ್ಟಿಯ ಮೂಲಕ ಮಾಹಿತಿ ಸೋರಿರಬಹುದಾದವರು 5.62 ಲಕ್ಷ. ಆ ಲಕ್ಷಾಂತರ ಜನ ಆ ಆ್ಯಪ್‌ಗೆ ಅನುಮತಿ ಕೊಡುವ ‘ಅಲೋ’ ಬಟನ್ ಒತ್ತಿರಲಿಲ್ಲ. ನೀವು ಎಂಥ ಫೋನ್ ಇಟ್ಟುಕೊಂಡರೂ ನಿಮ್ಮ ನಂಬರು, ಫೋಟೊ ಗೆಳೆಯರ ಫೋನಿನಲ್ಲಿ ಇರುತ್ತವೆ. ಅವರದ್ದು ನಿಮ್ಮಲ್ಲಿ ಇರುತ್ತದೆ.

ಹಾಗಂತ ದೊಡ್ಡವರ ಕಣ್ಗಾವಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಎದುರು ನಿಲ್ಲುವ ದಾರಿ ಬೇರೆ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಅವರು ಹೆಸರು ಬರೆದು, ಕಾಗದ ಜೋಡಿಸಿ, ಕೋರ್ಟಿನಲ್ಲಿ ನಿಂತರು. ನಾನು ಕದ ಹಾಕಿಕೊಂಡು ಟ್ರ್ಯಾಶ್ ಖಾಲಿ ಮಾಡಿದೆ.

ಈಗ ನಿಮ್ಮ ಫೋನ್. ಬೇಡದ ಆ್ಯಪ್‌ಗೆ ಕೊಟ್ಟ ಕಾಂಟ್ಯಾಕ್ಟ್, ಮೈಕ್, ಲೊಕೇಶನ್ ಅನುಮತಿ ಇಂದೇ ತೆಗೆಯಿರಿ. ನಿಮ್ಮ ಸ್ವಂತ ಸೆಲ್ಫಿ ಬೇಡ ಅಂದರೆ ಅಳಿಸಿ, ಅದು ನಿಮ್ಮಿಷ್ಟ. ಇನ್ನೊಬ್ಬರು ನಂಬಿ ಕಳಿಸಿದ ಖಾಸಗಿ ಫೋಟೊ ಇದ್ದರೆ ಅವರನ್ನು ಕೇಳಿ ತೆಗೆಯಿರಿ. ಆದರೆ ಬೇರೆಯವರ ಮಾತು, ಬೇರೆಯವರ ಕೆಲಸ, ಒಂದು ಜಗಳ, ಒಂದು ಸಭೆ ಪೂರ್ತಿ ದಾಖಲಾಗಿರುವ ವಿಡಿಯೊವನ್ನು ಭಯದಲ್ಲಿ ಮುಟ್ಟಬೇಡಿ. ಅದರ ತುಣುಕು ಆಗಲೇ ಹೊರಗೆ ಹೋಗಿದ್ದರಂತೂ ಪೂರ್ತಿಯದನ್ನು ಇನ್ನೊಂದು ಕಡೆ ಪ್ರತಿ ಮಾಡಿ ಇಡಿ. ಯಾರಾದರೂ ತುಣುಕು ಕಳಿಸಿದರೆ ‘ಇದು ನಿಜವಾ’ ಅಂತ ಕೇಳುವುದಕ್ಕಿಂತ ‘ಇದರ ಹಿಂದೆ ಮುಂದೆ ಏನಿದೆ’ ಅಂತ ಕೇಳಿ. ನನ್ನ ವಿಡಿಯೊದ ಪ್ರತಿ ಸೆಕೆಂಡೂ ನಿಜವೇ ಆಗಿತ್ತು. ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಹಳೆಯ, ಉದ್ದದ ವಿಡಿಯೊ ಸಿಗುತ್ತದೆ.

ಸರ್‌ಗೆ ಆಮೇಲೆ ಎಲ್ಲ ಹೇಳಿದೆ. ಅವರು ಈಗ ಬೇರೆ ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿದ್ದಾರೆ. ‘ಗೊತ್ತಿತ್ತು ಕಣೋ’ ಅಂದರು. ಈಗ ಪಾಠದಲ್ಲಿ ನಟಿಸುವುದಿಲ್ಲವಂತೆ, ಪುಸ್ತಕ ನೋಡಿ ಓದುತ್ತಾರಂತೆ.

ನಿಮ್ಮ ಸೆಮಿನಾರ್‌ಗೆ ಕ್ಯಾಮೆರಾ, ಪರದೆ, ಸರ್ಕಾರ ಅಂತ ಎಲ್ಲರೂ ಮಾಡುವುದನ್ನೇ ಮಾಡಬೇಡಿ. ಆ ಅರ್ಧ ಪುಟದ ಫೋಟೊದ ಪ್ರಸಂಗ ತಗೊಳ್ಳಿ. ಜೊತೆಗೆ ಕರಾಚಿಯ ವಿಡಿಯೊ. ಮೊದಲು ಕತ್ತರಿಸಿದ್ದು ಹಾಕಿ, ತರಗತಿಯವರಿಗೆ ಏನನಿಸಿತು ಅಂತ ಕೇಳಿ ಬರೆಸಿಕೊಳ್ಳಿ, ಆಮೇಲೆ ಪೂರ್ತಿಯದು ಹಾಕಿ. ಹೊತ್ತು ಸಾಲದೆ ಹೋದರೆ ನಿಮ್ಮ ಮಾತು ಕಡಿಮೆ ಮಾಡಿಕೊಳ್ಳಿ, ವಿಡಿಯೊವನ್ನು ಮಾತ್ರ ಕೊನೆವರೆಗೂ ಓಡಿಸಿ.