ಕೃತಕ ದ್ವೀಪ ಕಟ್ಟಿದರೆ ಸುತ್ತಲ ಸಮುದ್ರ ಕಟ್ಟಿದವರದ್ದಾಗುತ್ತದೆಯೇ?

ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಕಟ್ಟಿಕೊಂಡ ದ್ವೀಪಗಳಿಂದ ಸುತ್ತಲ ನೀರು ಅದರದ್ದಾಗುತ್ತದೆಯೇ, ಯುದ್ಧವಾದರೆ ಅವು ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ‘ಇಲ್ಲ’, ಎರಡನೆಯದಕ್ಕೆ ‘ಬಹುಶಃ ಇಲ್ಲ’. ಆದರೂ ಅವು ಚೀನಾಕ್ಕೆ ದೊಡ್ಡ ಲಾಭ ತಂದಿವೆ. ಆ ಲಾಭ ಬಂದಿರುವುದು ಶಾಂತಿಕಾಲದಲ್ಲಿ.

ಕಾನೂನಿನ ಮಾತು ಚಿಕ್ಕದು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 60ನೇ ವಿಧಿಯ ಪ್ರಕಾರ ಕೃತಕ ದ್ವೀಪಕ್ಕೆ 12 ನಾಟಿಕಲ್ ಮೈಲಿಯ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.) ಪ್ರಾದೇಶಿಕ ಸಮುದ್ರ, ಅಂದರೆ ದೇಶದ ಸ್ವಂತ ನೀರು, ಇಲ್ಲ. ಸಿಗುವುದು ಹೆಚ್ಚೆಂದರೆ 500 ಮೀಟರ್ ಸುರಕ್ಷತಾ ವಲಯ. ಮಣ್ಣು ಸುರಿಯುವ ಮೊದಲು ಆ ಜಾಗ ಹೇಗಿತ್ತು ಎನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ. ಚೀನಾ ದ್ವೀಪ ಮಾಡಿಕೊಂಡ ಮಿಸ್ಚೀಫ್ ರೀಫ್ ಮೊದಲು ಸಮುದ್ರದ ಇಳಿತದಲ್ಲಿ ಮಾತ್ರ ತಲೆ ಎತ್ತುತ್ತಿದ್ದ ಹವಳದ ದಿಬ್ಬ. ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಿಂದ ಸುಮಾರು 125 ನಾಟಿಕಲ್ ಮೈಲಿ ದೂರ. ಅದು ಫಿಲಿಪ್ಪೀನ್ಸ್‌ನ ಆರ್ಥಿಕ ವಲಯದ್ದು (ಮೀನು, ತೈಲದಂಥ ಸಂಪತ್ತಿನ ಹಕ್ಕು ಕರಾವಳಿ ದೇಶಕ್ಕಷ್ಟೇ ಇರುವ, 200 ನಾಟಿಕಲ್ ಮೈಲಿವರೆಗಿನ ಸಮುದ್ರ), ಅಲ್ಲಿ ಚೀನಾ ಕಟ್ಟಿದ್ದು ಅಕ್ರಮ ಎಂದು 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿ ಹೇಳಿತು. ಚೀನಾ ಒಪ್ಪಲಿಲ್ಲ. ತೀರ್ಪನ್ನು ಜಾರಿ ಮಾಡಿಸುವ ಶಕ್ತಿ ಯಾರಲ್ಲೂ ಇಲ್ಲ.

2013ರ ಕೊನೆಯಲ್ಲಿ ಶುರುವಾದ ಚೀನಾದ ದ್ವೀಪ ಕಟ್ಟುವ ಕೆಲಸ ಎರಡು-ಎರಡೂವರೆ ವರ್ಷದಲ್ಲಿ ಏಳು ದಿಬ್ಬಗಳ ಮೇಲೆ ಸುಮಾರು 3,200 ಎಕರೆ ನೆಲ ಎಬ್ಬಿಸಿತು. ಸಮುದ್ರತಳ ಅಗೆಯುವ ಡ್ರೆಜರ್ ಹಡಗಿನ ತಿರುಗುವ ಹಲ್ಲುಗಳು ಹವಳವನ್ನು ಪುಡಿ ಮಾಡುತ್ತವೆ, ಪಂಪು ಮರಳು-ನೀರನ್ನು ಒಟ್ಟಿಗೆ ಹೀರಿ ತೇಲುವ ಕೊಳವೆಯಲ್ಲಿ ದಿಬ್ಬದ ಮೇಲೆ ಸುರಿಯುತ್ತದೆ. ಅಲ್ಲಿ ಬಳಸಿದ ತಿಯಾನ್ ಜಿಂಗ್ ಹಾವ್ ಎಂಬ ಹಡಗಿನ ಸಾಮರ್ಥ್ಯ ಗಂಟೆಗೆ 4,500 ಘನ ಮೀಟರ್. ನೀರು ಬಸಿದ ಮೇಲೆ ಬುಲ್ಡೋಜರ್, ಸುತ್ತ ಕಾಂಕ್ರೀಟ್ ತಡೆಗೋಡೆ. ತೊಡಕು ಇರುವುದು ಈ ಮರಳಲ್ಲೇ. ಹವಳದ ಕಣಗಳೊಳಗೆ ಟೊಳ್ಳು ಇರುವುದರಿಂದ ಭಾರ ಬಿದ್ದಾಗ ಒಡೆಯುತ್ತವೆ. ಚೆನ್ನಾಗಿ ದಮ್ಮಸ್ಸು ಮಾಡದಿದ್ದರೆ ನೆಲ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಕುಸಿದು ರನ್‌ವೇ ಬಿರುಕು ಬಿಡುತ್ತದೆ. ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ರಿಪೇರಿ ಎಂದೂ ಮುಗಿಯುವುದಿಲ್ಲ. ಇನ್ನು ಹವಳಕ್ಕಾದ ಹಾನಿಯನ್ನು ಯಾವ ರಿಪೇರಿಯೂ ಸರಿಪಡಿಸದು. ಇದು ನನ್ನನ್ನು ಬಹಳ ನೋಯಿಸುವ ವಿಷಯ.

ಆ ಏಳರ ಪೈಕಿ ಫಿಯರಿ ಕ್ರಾಸ್, ಸುಬಿ, ಮಿಸ್ಚೀಫ್ ಮೂರರಲ್ಲೂ ದೊಡ್ಡ ವಿಮಾನ ಇಳಿಯುವಂಥ ರನ್‌ವೇಗಳಿವೆ, ಒಂದೊಂದರಲ್ಲೂ 24 ಯುದ್ಧವಿಮಾನಗಳಿಗೆ ಸಾಲುವಷ್ಟು ಹ್ಯಾಂಗರುಗಳಿವೆ. ಆದರೆ ದ್ವೀಪ ಜಾಗ ಬದಲಿಸಲಾರದು. ಎಲ್ಲಿದೆ ಎಂಬುದು ಮೀಟರ್ ಲೆಕ್ಕದಲ್ಲಿ ಎಲ್ಲರಿಗೂ ಗೊತ್ತು. ಇಂಧನ, ಮದ್ದುಗುಂಡು ಸಾವಿರ ಕಿ.ಮೀ. ಆಚೆಯಿಂದ ಹಡಗಿನಲ್ಲೇ ಬರಬೇಕು. ಸಮಬಲದ ಶತ್ರುವಿನೆದುರು ಮೊದಲ ಕೆಲವು ಗಂಟೆ ರಾಡಾರ್ ಕಣ್ಣಾಗಿ, ಕ್ಷಿಪಣಿ ನೆಲೆಯಾಗಿ ಉಪಯೋಗಕ್ಕೆ ಬರಬಹುದು. ಆಮೇಲಿನದು ನನಗೆ ಅನುಮಾನ.

ಶಾಂತಿಕಾಲದ ಲೆಕ್ಕವೇ ಬೇರೆ. ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದಿಂದ ಹೊರಟ ಕೋಸ್ಟ್ ಗಾರ್ಡ್ ಹಡಗು 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ವೇಗದಲ್ಲಿ ಮಿಸ್ಚೀಫ್ ತಲುಪಲು ಸುಮಾರು 40 ಗಂಟೆ ಬೇಕು. ಅದೇ ಹಡಗು ಮಿಸ್ಚೀಫ್‌ನಲ್ಲೇ ಲಂಗರು ಹಾಕಿದ್ದರೆ ಸೆಕೆಂಡ್ ಥಾಮಸ್ ಶೋಲ್ ಎಂಬ ಹವಳದ ದಿಬ್ಬಕ್ಕೆ ಎರಡು ಗಂಟೆಯೊಳಗೆ ಹೋಗಬಹುದು. 1999ರಲ್ಲಿ ಫಿಲಿಪ್ಪೀನ್ಸ್ ಸಿಯೆರಾ ಮಾದ್ರೆ ಎಂಬ ಹಳೇ ಹಡಗನ್ನು ಬೇಕೆಂದೇ ದಿಬ್ಬ ಹತ್ತಿಸಿ ಕಾವಲು ಇಟ್ಟಿರುವುದು ಅಲ್ಲೇ. ಅದಕ್ಕೆ ಅಕ್ಕಿ-ನೀರು ಒಯ್ಯುವ ದೋಣಿಗಳಿಗೆ ಜಲಫಿರಂಗಿ ಹೊಡೆಯುವುದು, ಅಡ್ಡ ನಿಲ್ಲುವುದು ಚೀನಾಕ್ಕೆ ಇಷ್ಟು ಸಲೀಸಾದದ್ದು ಮಿಸ್ಚೀಫ್ ಇಷ್ಟು ಹತ್ತಿರ ಇರುವುದರಿಂದ. ಮೀನುಗಾರಿಕೆಯ ವೇಷದಲ್ಲಿ ಚೀನಾ ಸರ್ಕಾರದ ಕೆಲಸ ಮಾಡುವ ಮಿಲಿಷಿಯಾ (ಅರೆಸೇನೆ) ದೋಣಿಗಳೂ ಇದೇ ದ್ವೀಪಗಳ ಆಸರೆಯಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತವೆ. ಗುಂಡು ಹಾರಿಸದೆ, ದಿನಾ ಹಾಜರಿದ್ದೇ ಎದುರಾಳಿಯನ್ನು ದಣಿಸುವ ದಾರಿ ಇದು.

ನೆರೆಯವರೂ ಸುಮ್ಮನೆ ಕೂತಿಲ್ಲ. 2021ರಿಂದ ವಿಯೆಟ್ನಾಂ ತನ್ನ ದಿಬ್ಬಗಳನ್ನು ಭರದಿಂದ ತುಂಬುತ್ತಿದೆ. ಅಮೆರಿಕದ ಸೇನೆ ಬಳಸಬಹುದಾದ ನೆಲೆಗಳನ್ನು ಫಿಲಿಪ್ಪೀನ್ಸ್ 2023ರಲ್ಲಿ ಐದರಿಂದ ಒಂಬತ್ತಕ್ಕೆ ಏರಿಸಿತು. 2022ರಲ್ಲಿ ಭಾರತದಿಂದ ಬ್ರಹ್ಮೋಸ್ ಕ್ಷಿಪಣಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ತಲುಪಿತು. ಅದರ ವ್ಯಾಪ್ತಿ 290 ಕಿ.ಮೀ.; ಪಲವಾನ್‌ನ ಪಶ್ಚಿಮ ತೀರದಲ್ಲಿ ನಿಲ್ಲಿಸಿದರೆ ಮಿಸ್ಚೀಫ್‌ನ ಲಂಗರುದಾಣ ಅದರೊಳಗೇ ಬರುತ್ತದೆ.