ಬಿಎಸ್6 (ಭಾರತ್ ಸ್ಟೇಜ್ 6, ಅಂದರೆ ವಾಹನಗಳ ಹೊಗೆಗೆ ಸರ್ಕಾರ ಹಾಕಿದ ಮಿತಿ) ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್ ಹಾಕಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಕಾರ್ಬುರೇಟರ್‌ನ ಲೆಕ್ಕ ಅಷ್ಟು ಕರಾರುವಾಕ್ಕಲ್ಲ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಮೈಲೇಜೂ ಹೋಯಿತು. ಸ್ವಲ್ಪ ಕಮ್ಮಿಯಾದರೆ ಮಿಕ್ಕ ಆಮ್ಲಜನಕ ಆ ಬಿಸಿಗೆ ಸಾರಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ.

ಕಾರ್ಬುರೇಟರ್ ಏನು ಮಾಡುತ್ತದೆ? ಗಾಳಿಯ ಸೆಳೆತಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ, ಅಷ್ಟೇ. ಮಡಿಕೇರಿಯ ಎತ್ತರ, ಚಳಿ, ಮಂಗಳೂರಿನ ಸೆಕೆ ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಚೋಕ್ ಎಳೆದು ಕಿಕ್ ಹೊಡೆದು ಸುಸ್ತಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇಂಜೆಕ್ಷನ್‌ನಲ್ಲಿ, ಹೊಗೆ ಹೋಗುವ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಎಷ್ಟು ಆಮ್ಲಜನಕ ಮಿಕ್ಕಿದೆ ಅಂತ ಇಸಿಯುಗೆ (ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಹೇಳುತ್ತಲೇ ಇರುತ್ತದೆ, ಇಸಿಯು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಮಾಡುತ್ತದೆ.

ಆದರೆ ಅಸಲಿ ಕಾರಣ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಪೈಪಿನಲ್ಲಿ ಕೂತು ಹೊಗೆಯನ್ನು ಶುದ್ಧ ಮಾಡುವ ಸಾಧನ. ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್ ಆವಿ, ಈ ಮೂರೂ ಬಗೆಯ ಕೆಟ್ಟ ಅನಿಲಗಳನ್ನು ಅದು ಒಟ್ಟಿಗೆ ತೊಳೆಯುವುದು ಗಾಳಿ-ಪೆಟ್ರೋಲ್ ಪ್ರಮಾಣ 14.7ರ ಆಸುಪಾಸಿನಲ್ಲಿ ಇದ್ದಾಗ ಮಾತ್ರ. ಹಳೇ ಕಾರ್ಬುರೇಟರ್‌ಗೆ ಅಷ್ಟು ಬಿಗಿ ಹಿಡಿತ ಕಷ್ಟ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಮಿತಿಗಳೋ ಇನ್ನೂ ಬಿಗಿ.