ಪ್ರತಿಕ್ರಿಯೆ: ಬೋರ್ಡ್ ನೋಡಿ ಬರೆಯುತ್ತಾರೆ, ಸ್ವಂತ ಬರೆಯಲ್ಲ

ಅಕ್ಕೋರೆ, ಮುಧೋಳ ಹತ್ತಿರದ ನಿಮ್ಮ ಶಾಲೆಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದವರ ಮಕ್ಕಳು ಬರುತ್ತಾರೆ, ನಕಲು ಚೆನ್ನಾಗಿ ಮಾಡುತ್ತಾರೆ, ಸ್ವಂತ ನಾಲ್ಕು ಸಾಲು ಬರೆಯಲ್ಲ ಅಂತ ಕೇಳಿದ್ದೀರಿ.

ಮೊದಲು ಮಾತಾಡಿಸಿ. ನಾನು ಬೆಳಗಾವಿ ಕಡೆ ಎರಡು ಹಂಗಾಮು ಇಂಥ ಮಕ್ಕಳ ಜೊತೆ ಕೂತಿದ್ದೇನೆ. 'ನನ್ನ ಶಾಲೆ' ಪ್ರಬಂಧ ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದ ಹುಡುಗಿ, ಗಾಡಿಗೆ ಕಬ್ಬು ಹೇಗೆ ಹೇರುತ್ತಾರೆ ಹೇಳವ್ವ ಅಂದಾಗ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹತ್ತು ನಿಮಿಷ ನಿಲ್ಲಲೇ ಇಲ್ಲ. ಅವಳು ಹೇಳಿದ್ದನ್ನು ಹಾಗೇ ಬೋರ್ಡ್ ಮೇಲೆ ಬರೆದೆ. ಮರುದಿನ ಅವಳೇ ಮೂರು ಸಾಲು ಬರೆದು ತಂದಳು. ಮರಾಠಿ ಪದ ಬಂದರೆ ಬರಲಿ. ಹೊಡೆದುಹಾಕಬೇಡಿ, ಪಕ್ಕದಲ್ಲಿ ಕನ್ನಡ ಪದ ಬರೆಯಿರಿ.

ಕಾಗುಣಿತಕ್ಕೆ ಬೈಯುವ ಮುಂಚೆ ಒಂದು ವಿಷಯ. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಬೇರೆ ಬೇರೆ ಅಕ್ಷರ ಇಲ್ಲ. ಅದಕ್ಕೇ ಬೆಳೆ-ಬೇಳೆ, ಕೊಡು-ಕೋಡು ಒಂದೇ ಥರ ಬರೆಯುತ್ತಾರೆ. ಇದು ದಡ್ಡತನ ಅಲ್ಲ ಅಲ್ವಾ? ಇಂಥ ಜೋಡಿ ಪದ ಗಟ್ಟಿಯಾಗಿ ಹೇಳಿಸಿ, ದಿನಕ್ಕೆ ಐದು ನಿಮಿಷ ಸಾಕು. ಒಂದು ಸಲಕ್ಕೆ ಒಂದೇ ಥರದ ತಪ್ಪು ತಿದ್ದಿ, ಪುಟದ ತುಂಬಾ ಕೆಂಪು ಗೆರೆ ಕಂಡರೆ ಮಗು ಮತ್ತೆ ನಕಲಿಗೇ ಹೋಗುತ್ತದೆ.

ಇನ್ನೊಂದು, ವಯಸ್ಸಿನ ದಾಖಲೆ ಇಲ್ಲ ಅಂತ ಯಾರಾದರೂ ಸೇರಿಸಿಕೊಳ್ಳದಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ತೋರಿಸಿ, ಹಾಗೆ ನಿರಾಕರಿಸುವಂತಿಲ್ಲ.

ಹಂಗಾಮು ಮುಗಿದು ಊರಿಗೆ ಹೊರಟಾಗ ಮಕ್ಕಳು ಬರೆದ ನೋಟ್‌ಬುಕ್ ಅವರ ಕೈಯಲ್ಲೇ ಕೊಟ್ಟು ಕಳಿಸಿ, ಅಲ್ಲಿನ ಮಾಸ್ತರರೂ ನೋಡಲಿ.